ಒಂದು ಕೆಜಿ ಮೆಂತೆ ಉಳಿದಿದೆ, ಅಡುಗೆ ಬಿಟ್ಟು ಬೇರೆ ಏನಕ್ಕೆ ಬಳಸಬಹುದು?

ಒಗ್ಗರಣೆಗೆ, ಉಪ್ಪಿನಕಾಯಿಗೆ ಎಷ್ಟು ಹಾಕಿದರೂ ಮುಗಿಯುತ್ತಿಲ್ಲ, ಮದ್ದಿಗೋ ತಲೆಕೂದಲಿಗೋ ಆಗುತ್ತದಾ ಎಂದು ಕೇಳಿದ್ದೀರಿ. ಧಾರಾಳ ಆಗುತ್ತದೆ. ಆದರೆ ನಾನು ಉಡುಪಿಯವಳು. ನಮ್ಮ ಕಡೆ ಮೆಂತೆಯ ಮದ್ದನ್ನು ತಟ್ಟೆಗೇ ಬಡಿಸುವುದು. ಹಾಗಾಗಿ ಅಡುಗೆ ಪೂರ್ತಿ ಬಿಡಲಿಕ್ಕೆ ನನ್ನಿಂದ ಆಗುವುದಿಲ್ಲ.

ಆಟಿ ಅಂದರೆ ತುಳುವರ ಮಳೆಗಾಲದ ತಿಂಗಳು. ಅದರ ಅಮಾವಾಸ್ಯೆಯ ದಿನ ಇಲ್ಲಿ ಬೆಳಿಗ್ಗೆ ಬರೀ ಹೊಟ್ಟೆಗೆ ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿಯುತ್ತಾರೆ. ವಿಪರೀತ ಕಹಿ, ಉಷ್ಣ ಬೇರೆ. ಅದರ ಹಿಂದೆಯೇ ತಂಪಿಗೆಂದು ಮೆಂತೆ ಗಂಜಿ. (ಮರದ ಗುರುತು ಸರಿಯಾಗಿ ಗೊತ್ತಿಲ್ಲದವರು ಆ ಕಷಾಯದ ತಂಟೆಗೆ ಹೋಗಬೇಡಿ. ಗಂಜಿಗೆ ಆ ಭಯ ಇಲ್ಲ.) ಎರಡು ಚಮಚ ಮೆಂತೆ ರಾತ್ರಿ ನೆನೆಸಿಡಿ. ಬೆಳಿಗ್ಗೆ ನೋಡಿದರೆ ಕಾಳು ಉಬ್ಬಿ, ನೀರು ಹಳದಿಯಾಗಿ, ಬೆರಳಿಗೆ ಲೋಳೆಲೋಳೆಯಾಗಿ ಅಂಟುತ್ತದೆ. ಕಹಿ ಆಗದವರು ಆ ನೀರು ಚೆಲ್ಲಿ. ಒಂದು ಲೋಟ ಬೆಳ್ತಿಗೆ (ಕುಚ್ಚದ ಬಿಳಿ) ಅಕ್ಕಿಯ ಜೊತೆ ಮೆತ್ತಗೆ ಬೇಯಿಸಿ, ಬೆಲ್ಲ ಹಾಕಿ, ಕೊನೆಗೆ ದಪ್ಪ ತೆಂಗಿನ ಹಾಲು ಸೇರಿಸಿ ಇಳಿಸಿ. ಹಾಲು ಹಾಕಿದ ಮೇಲೆ ಜಾಸ್ತಿ ಕುದಿಸಬೇಡಿ, ಒಡೆಯುತ್ತದೆ. ಬಾಣಂತಿಯರಿಗೂ ಇದನ್ನು ಕೊಡುವ ಮನೆಗಳುಂಟು.

ಹೊಟ್ಟೆ ಸರಿಯಿಲ್ಲದ ದಿನ ತಂಬುಳಿ. ಅರ್ಧ ಚಮಚ ಮೆಂತೆಯನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ತೆಂಗಿನತುರಿ, ಜೀರಿಗೆ ಸೇರಿಸಿ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕಲಸುವುದು. ಹುರಿಯುವಾಗ ಒಲೆ ಬಿಟ್ಟು ಕದಲಬೇಡಿ. ಕಪ್ಪಾಯಿತೋ, ಆ ಕಹಿ ಬಾಯಿಗೆ ಇಡಲಿಕ್ಕಾಗುವುದಿಲ್ಲ.

ಈಗ ಶುಗರಿನ ವಿಷಯ. ಮೆಂತೆಯ ನಾರು ನೀರು ಹೀರಿ ಲೋಳೆಯಾಗುತ್ತದೆ, ಅದರಿಂದ ಊಟದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಣಾಮ ಕಂಡದ್ದು ನಿಜ. ಆದರೆ ಅವರು ಕೊಟ್ಟದ್ದು ದಿನಕ್ಕೆ 100 ಗ್ರಾಂ, ಕೊಬ್ಬು ತೆಗೆದ ಪುಡಿ. ನಾವು ಬೆಳಿಗ್ಗೆ ಕುಡಿಯುವ, ಒಂದು ಚಮಚ ಮೆಂತೆ ನೆನೆಸಿದ ನೀರಿಗೂ ಅದಕ್ಕೂ ಎಲ್ಲಿಂದೆಲ್ಲಿಗೆ! ಕುಡಿಯುವುದಾದರೆ ಕಾಳನ್ನೂ ಅಗಿದು ತಿನ್ನಿ, ನಾರು ಇರುವುದು ಅದರಲ್ಲೇ. ಮಾತ್ರೆ ಮಾತ್ರ ಬಿಡಬೇಡಿ. ಮಾತ್ರೆಯ ಜೊತೆ ಮೆಂತೆ ಜಾಸ್ತಿಯಾದರೆ ಸಕ್ಕರೆ ತೀರಾ ಇಳಿಯುವುದೂ ಉಂಟು, ಡಾಕ್ಟರಿಗೆ ಹೇಳಿಯೇ ಶುರು ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರೂ ಕೇಳಬೇಕು. ಬಸುರಿಯರಿಗೆ ಒಗ್ಗರಣೆಗೆ ಬೀಳುವಷ್ಟು ಸಾಕು, ಮದ್ದಿನ ಲೆಕ್ಕದಲ್ಲಿ ಬೇಡ. ನೆಲಗಡಲೆ ಅಲರ್ಜಿ ಇರುವವರಿಗೂ ಕೆಲವೊಮ್ಮೆ ಮೆಂತೆ ಆಗಿಬರುವುದಿಲ್ಲ, ಎರಡೂ ಒಂದೇ ಕುಟುಂಬದ ಗಿಡಗಳು.

ಕೂದಲಿಗೆ? ನೆನೆಸಿದ ಮೆಂತೆ ನುಣ್ಣಗೆ ರುಬ್ಬಿ, ಮೊಸರು ಸೇರಿಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಕೂದಲು ನಯವಾಗುತ್ತದೆ, ಸಿಕ್ಕು ಸುಲಭವಾಗಿ ಬಿಡುತ್ತದೆ. ಉದುರುವುದು ನಿಲ್ಲುತ್ತದೆ ಅನ್ನುವ ವಿಡಿಯೋಗಳನ್ನು ನಾನು ನಂಬುವುದಿಲ್ಲ. ಒಂದು ಮಾತು, ತರಿತರಿಯಾಗಿ ರುಬ್ಬಿದರೆ ಚೂರುಗಳನ್ನು ತಲೆಯಿಂದ ಹೆಕ್ಕುವುದರಲ್ಲೇ ಭಾನುವಾರ ಮುಗಿಯುತ್ತದೆ.

ಮೆಂತೆ ಜಾಸ್ತಿ ತಿಂದ ದಿನ ಬೆವರಿಗೂ ಮೂತ್ರಕ್ಕೂ ಸಕ್ಕರೆ ಪಾಕದಂಥ ವಾಸನೆ ಬರಬಹುದು, ಹೆದರಬೇಡಿ. ಇನ್ನೂ ಉಳಿದರೆ ಒಂದು ಹಿಡಿ ಮಣ್ಣಿಗೆ ಎರಚಿ. ಮೂರ್ನಾಲ್ಕು ದಿನದಲ್ಲಿ ಮೊಳಕೆ ಬರುತ್ತದೆ, ಬಾಲ್ಕನಿಯ ಹಳೇ ಟಬ್ ಆದರೂ ಸಾಕು. ಬಾಕಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ನಮ್ಮ ಮಳೆಗಾಲಕ್ಕೆ ಪ್ಲಾಸ್ಟಿಕ್ ಕವರಿನಲ್ಲಿ ಬಿಟ್ಟದ್ದು ಯಾವುದೂ ಉಳಿಯುವುದಿಲ್ಲ.