ಮಗಳ ಲ್ಯಾಪ್‌ಟಾಪ್: ಆನ್‌ಲೈನಿನಲ್ಲೋ, ಕೊಪ್ಪಳದ ಅಂಗಡಿಯಲ್ಲೋ?

ಪ್ರಶ್ನೆ: ನನ್ನ ಮಗಳು ಕೊಪ್ಪಳದಲ್ಲಿ ಬಿ.ಸಿ.ಎ. ಮೊದಲ ವರ್ಷಕ್ಕೆ ಸೇರಿದ್ದಾಳೆ. ಅವಳಿಗೆ 55,000 ರೂಪಾಯಿಯೊಳಗೆ ಒಂದು ಲ್ಯಾಪ್‌ಟಾಪ್ ಕೊಡಿಸಬೇಕಾಗಿದೆ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ತನ್ನ ಕ್ರೆಡಿಟ್ ಕಾರ್ಡಿನಿಂದ ಆನ್‌ಲೈನಿನಲ್ಲಿ ತರಿಸಿದರೆ 51,000ಕ್ಕೆ ಬರುತ್ತದೆ ಎನ್ನುತ್ತಾನೆ. ಅದೇ ಕಂಪನಿಯ ಲ್ಯಾಪ್‌ಟಾಪಿಗೆ ಕೊಪ್ಪಳದ ಅಂಗಡಿಯವರು 54,500 ಹೇಳಿದ್ದಾರೆ. ಇದು ಈ ವರ್ಷದ ಬೆಳೆ ಮಾರಿದ ಹಣ. ಕೆಟ್ಟರೆ ಇನ್ನೊಂದು ಕೊಳ್ಳುವ ಶಕ್ತಿ ನಮಗಿಲ್ಲ. ಎಲ್ಲಿ ಕೊಳ್ಳುವುದು ಲೇಸು?
– ಒಬ್ಬ ಓದುಗರು, ಕುಕನೂರು, ಕೊಪ್ಪಳ ಜಿಲ್ಲೆ

ಉತ್ತರ: ನೀವು 'ಅದೇ ಕಂಪನಿಯ' ಎಂದು ಬರೆದಿದ್ದೀರಿ, 'ಅದೇ ಮಾಡೆಲ್' ಎಂದು ಬರೆದಿಲ್ಲ. ಮೊದಲು ಇದನ್ನೇ ಬಗೆಹರಿಸಿಕೊಳ್ಳಿ. ಹೆಸರು ಒಂದೇ ಇದ್ದರೂ ಮಾಡೆಲ್ ನಂಬರಿನ ಕೊನೆಯ ಎರಡು ಮೂರು ಅಕ್ಷರಗಳು ಬದಲಾದರೆ ಒಳಗಿನ ಪ್ರೊಸೆಸರ್, ಕೆಲಸ ನಡೆಯುವಾಗಿನ ತಾತ್ಕಾಲಿಕ ನೆನಪಾದ ರ‍್ಯಾಮ್, ಪರದೆಯ ಗುಣಮಟ್ಟ ಎಲ್ಲವೂ ಬೇರೆಯಾಗಿರಬಹುದು. ಬಿ.ಸಿ.ಎ. ಓದುವವರಿಗೆ 16 ಜಿಬಿ ರ‍್ಯಾಮ್ ಇದ್ದರೆ ಮೂರು ವರ್ಷ ಚಿಂತೆಯಿಲ್ಲ. 8 ಜಿಬಿಯದನ್ನು ಕೊಳ್ಳುವುದಾದರೆ ಮುಂದೆ ರ‍್ಯಾಮ್ ಹೆಚ್ಚಿಸಲು ಸ್ಲಾಟ್ ಇದೆಯೇ, ಅಥವಾ ಅದನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದಾರೆಯೇ ಎಂದು ಕೇಳಲೇಬೇಕು. ಕಡತಗಳನ್ನು ಉಳಿಸಿಡಲು 512 ಜಿಬಿಯ ಎಸ್‌ಎಸ್‌ಡಿ ಸಾಕು. ಆನ್‌ಲೈನಿನಲ್ಲಿ ನೋಡಿದ ಪೂರ್ತಿ ಮಾಡೆಲ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅದಕ್ಕೇ ಅಂಗಡಿಯವರಿಂದ ಬೆಲೆ ಹೇಳಿಸಿಕೊಳ್ಳಿ. ಹಾಗೆಯೇ 51,000 ಎಂಬುದು ಕಾರ್ಡಿನ ರಿಯಾಯಿತಿ ಕಳೆದ ಬೆಲೆಯೇ ಎಂದು ನಿಮ್ಮ ಅಳಿಯನನ್ನು ವಿಚಾರಿಸಿ. ಕಂತಿನಲ್ಲಿ ಕಟ್ಟುವುದಾದರೆ, 'ನೋ ಕಾಸ್ಟ್ ಇಎಂಐ', ಅಂದರೆ ಬಡ್ಡಿಯ ಹೊರೆಯಿಲ್ಲದ ಕಂತು, ಎಂದಿದ್ದರೂ ಸಾಮಾನ್ಯವಾಗಿ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕವೂ ಬಡ್ಡಿಯ ಮೇಲಿನ ಜಿಎಸ್‌ಟಿಯೂ ಸೇರಿಕೊಳ್ಳುತ್ತವೆ.

ಇಷ್ಟಾದ ಮೇಲೂ ಅಂತರ ಮೂರೂವರೆ ಸಾವಿರವೇ ಉಳಿದರೆ ಏನು ಮಾಡಬೇಕೆಂಬುದಕ್ಕೆ ನನ್ನ ಮನೆಯ ಅನುಭವವನ್ನೇ ಹೇಳುತ್ತೇನೆ. ಗಂಗಾವತಿಯಲ್ಲಿರುವ ನನ್ನ ಅಣ್ಣನ ಮಗನಿಗೆ ಆನ್‌ಲೈನಿನಲ್ಲಿ ಲ್ಯಾಪ್‌ಟಾಪ್ ತರಿಸಿಕೊಟ್ಟವನು ನಾನೇ. ಹತ್ತನೆಯ ದಿನ ಪರದೆಯ ಬಲಗಡೆ, ಮೇಲಿನಿಂದ ಕೆಳಗಿನವರೆಗೆ, ಕೂದಲೆಳೆಯಷ್ಟು ತೆಳುವಾದ ಒಂದು ಹಸಿರು ಗೆರೆ ಕಾಣಿಸಿಕೊಂಡಿತು. ಬದಲಿಸಿ ಕೊಡುವ ಅವಧಿ ಏಳು ದಿನಕ್ಕೇ ಮುಗಿದಿತ್ತು. ವಾರಂಟಿಯೇನೋ ಇತ್ತು, ಆದರೆ ಅದು ನಾವೇ ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋಗಬೇಕಾದ ವಾರಂಟಿ. ಹುಡುಗ ಪರೀಕ್ಷೆಯ ಹೊತ್ತಿನಲ್ಲಿ ಕೊಡಲಿಕ್ಕೆ ಒಮ್ಮೆ, ತರಲಿಕ್ಕೆ ಒಮ್ಮೆ ಹುಬ್ಬಳ್ಳಿಗೆ ಹೋಗಿಬಂದ. ಆ ಎರಡು ವಾರ ಅವನ ಕೈಯಲ್ಲಿ ಲ್ಯಾಪ್‌ಟಾಪ್ ಇರಲಿಲ್ಲವೆಂಬುದು ನನ್ನನ್ನು ಇಂದಿಗೂ ಬಾಧಿಸುತ್ತದೆ.

ಆದ್ದರಿಂದ ಬೆಲೆಗಿಂತ ಮೊದಲು ತಿಳಿಯಬೇಕಾದದ್ದು ಕೆಟ್ಟಾಗ ಅದು ಎಲ್ಲಿಗೆ ಹೋಗುತ್ತದೆ ಎಂಬುದು. ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ಮಾಡೆಲ್ ನಂಬರನ್ನೂ ಮಗಳು ಉಳಿದುಕೊಂಡಿರುವ ಊರಿನ ಪಿನ್‌ಕೋಡನ್ನೂ ಹೇಳಿ, ಮನೆಗೇ ಬಂದು ದುರಸ್ತಿ ಮಾಡುವ ಆನ್‌ಸೈಟ್ ವಾರಂಟಿ ಅಲ್ಲಿಗೆ ಅನ್ವಯಿಸುತ್ತದೆಯೇ ಎಂದು ಕೇಳಿ. ಅನ್ವಯಿಸುತ್ತದೆ ಎಂದಾದರೆ ಆನ್‌ಲೈನಿನಲ್ಲಿ ಕೊಳ್ಳಲು ಹೆದರಬೇಕಾಗಿಲ್ಲ. ಇಲ್ಲವೆಂದಾದರೆ, ಕೊಪ್ಪಳದಿಂದ ಹುಬ್ಬಳ್ಳಿ ಸುಮಾರು 120 ಕಿಲೋಮೀಟರ್ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ; ಆಗ ಕೆಟ್ಟ ಯಂತ್ರವನ್ನು ತಾವೇ ದುರಸ್ತಿಗೆ ಕಳುಹಿಸಿ ತರಿಸಿಕೊಡುವ ಅಂಗಡಿಯವರಿಗೆ ಎರಡು ಸಾವಿರ ಹೆಚ್ಚು ಕೊಡುವುದು ನಷ್ಟವಲ್ಲ ಎಂಬುದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಕೊಳ್ಳುವುದಾದರೆ ಬಿಲ್ಲಿನ ಬದಲು ಎಸ್ಟಿಮೇಟ್ ಚೀಟಿ ಕೊಟ್ಟು ಸಾವಿರ ರೂಪಾಯಿ ಕಡಿಮೆ ಮಾಡುತ್ತೇವೆ ಎಂದರೆ ಒಪ್ಪಬೇಡಿ. ಲ್ಯಾಪ್‌ಟಾಪಿನ ಮೇಲಿನ ಜಿಎಸ್‌ಟಿ ಶೇಕಡ 18, ಆನ್‌ಲೈನಿಗೂ ಅಂಗಡಿಗೂ ಒಂದೇ. ಮಗಳ ಹೆಸರು, ಮಾಡೆಲ್ ನಂಬರ್, ಸೀರಿಯಲ್ ನಂಬರ್ ಇರುವ ಪಕ್ಕಾ ಬಿಲ್ಲೇ ನಿಮ್ಮ ಕೈಯಲ್ಲಿರಬೇಕಾದ ಆಧಾರ. ಪೆಟ್ಟಿಗೆಯನ್ನು ನಿಮ್ಮೆದುರೇ ಬಿಚ್ಚಿಸಿ, ಲ್ಯಾಪ್‌ಟಾಪಿನ ಅಡಿಯಲ್ಲಿರುವ ಸೀರಿಯಲ್ ನಂಬರನ್ನು ಪೆಟ್ಟಿಗೆಯ ಮೇಲಿನದಕ್ಕೂ ಬಿಲ್ಲಿಗೂ ತಾಳೆ ನೋಡಿ. ಪರದೆಯನ್ನು ಒಮ್ಮೆ ಪೂರ್ತಿ ಬಿಳಿ, ಒಮ್ಮೆ ಪೂರ್ತಿ ಕಪ್ಪು ಮಾಡಿ ತೋರಿಸಲು ಹೇಳಿದರೆ ಚುಕ್ಕೆ, ಗೆರೆಗಳಿದ್ದರೆ ಅಲ್ಲೇ ಕಾಣುತ್ತವೆ. ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗಿದೆ ಎಂದು ತೋರಿಸುವ ಬ್ಯಾಟರಿ ರಿಪೋರ್ಟ್ ತೆಗೆಸಿ ನೋಡುವುದೂ ಒಳ್ಳೆಯದು. ಹೊಸ ಲ್ಯಾಪ್‌ಟಾಪಿನ ಬ್ಯಾಟರಿ ನೂರಾರು ಸಲ ಚಾರ್ಜ್ ಆಗಿರಲು ಸಾಧ್ಯವಿಲ್ಲ. ವಿಂಡೋಸ್ ಕಂಪನಿಯಿಂದಲೇ ಬಂದಿದೆಯೇ ಎಂದು ಮರೆಯದೆ ಕೇಳಿ. ವಿಂಡೋಸ್ ಇಲ್ಲದ ಯಂತ್ರಕ್ಕೆ ಪೈರೇಟೆಡ್ ಪ್ರತಿ ಹಾಕಿಕೊಡುವವರೂ ಇದ್ದಾರೆ.

ಆನ್‌ಲೈನಿನಲ್ಲೇ ತರಿಸುವುದಾದರೆ ಬಿಲ್ ಮಗಳ ಹೆಸರಿಗೆ, ವಿಳಾಸ ಕೊಪ್ಪಳದ್ದೇ ಇರಲಿ. ಮಾರುತ್ತಿರುವವರು ಯಾರೆಂಬುದನ್ನೂ, ದೋಷ ಕಂಡರೆ ಹಣ ಹಿಂತಿರುಗಿಸುತ್ತಾರೆಯೇ ಅಥವಾ ಬದಲಿ ಮಾತ್ರವೇ, ಎಷ್ಟು ದಿನದೊಳಗೆ ಎಂಬುದನ್ನೂ ಹಣ ಕಟ್ಟುವ ಮೊದಲೇ ಓದಿ. ಎದುರಿಗೇ ಬಿಚ್ಚಿ ತೋರಿಸಿ ಕೊಡುವ ಓಪನ್ ಬಾಕ್ಸ್ ಡೆಲಿವರಿ ನಿಮ್ಮ ಪಿನ್‌ಕೋಡಿಗೆ ಇದ್ದರೆ ಅದನ್ನೇ ಆರಿಸಿ, ನೋಡಿದ ನಂತರವೇ ಒಟಿಪಿ ಹೇಳಿ. ಅದಿಲ್ಲವಾದರೆ ಟೇಪ್ ಕತ್ತರಿಸುವ ಮೊದಲಿನಿಂದ ಪರದೆ ಬೆಳಗುವವರೆಗೆ ಎಲ್ಲಿಯೂ ನಿಲ್ಲಿಸದೆ ವಿಡಿಯೊ ಮಾಡಿ. ಲ್ಯಾಪ್‌ಟಾಪನ್ನು ಮೊದಲ ದಿನದಿಂದಲೇ ಪೂರ್ತಿ ಬಳಸಲು ಮಗಳಿಗೆ ಹೇಳಿ. ಒಳ್ಳೆಯ ದಿನ ನೋಡಿ ತೆರೆಯೋಣವೆಂದು ಪೆಟ್ಟಿಗೆಯಲ್ಲೇ ಇಟ್ಟರೆ ಬದಲಿಸುವ ಅವಧಿ ಕಳೆದುಹೋಗುತ್ತದೆ.

ಮಾರಿದವರು ದೂರದ ಊರಿನವರೆಂದು ಅಳುಕಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಂಡ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಕೊಪ್ಪಳದ ಅಂಗಡಿಯವರಿಗೆ ಆನ್‌ಲೈನ್ ಬೆಲೆಯನ್ನು ಮುಚ್ಚಿಡದೆ ತೋರಿಸಿ, 53,000ಕ್ಕೆ ಕೊಡುವುದಾದರೆ, ವಾರಂಟಿಯ ಅವಧಿಯಲ್ಲಿ ದುರಸ್ತಿಗೆ ತಾವೇ ಕಳುಹಿಸಿಕೊಡುತ್ತೇವೆಂದು ಬಿಲ್ಲಿನ ಮೇಲೆ ಬರೆದುಕೊಡುವುದಾದರೆ, ಅಲ್ಲಿಯೇ ಕೊಳ್ಳುತ್ತಿದ್ದೆ. ಬರೆದುಕೊಡಲು ಅವರು ಹಿಂಜರಿದರೆ ಅಳಿಯನಿಗೆ ಫೋನ್ ಮಾಡಿ ಆರ್ಡರ್ ಹಾಕಲು ಹೇಳಿ.