ಮೆಕ್ಸಿಕೋದ ಪುವೆರ್ತೊ ವಯಾರ್ತಾದಲ್ಲಿ ಎಡಕ್ಕೆ ತಿರುಗುವುದು

ನೀವು ಎಡ ಲೇನಿನಲ್ಲಿ ಇಂಡಿಕೇಟರ್ ಹಾಕಿ ನಿಂತಾಗ ಹಿಂದಿನವರೆಲ್ಲ ಹಾರ್ನ್ ಹೊಡೆದರು ಅಂದ್ರಲ್ಲ, ಕಾರಣ ಬಹುಶಃ ಇದು: ಅಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ, ಮುಖ್ಯ ರಸ್ತೆಯಲ್ಲಿ ಬಹಳ ಕಡೆ ನಡುವಿನ ಲೇನುಗಳಿಂದ ಎಡಕ್ಕೆ ತಿರುಗುವ ಹಾಗಿಲ್ಲ.

ಸಿಗ್ನಲ್ಲಿಗೆ ಸಾಕಷ್ಟು ಮೊದಲೇ ಬಲಕ್ಕೆ ಸರಿದು ಪಕ್ಕದ ಸರ್ವಿಸ್ ರಸ್ತೆಗೆ ಇಳಿಯಿರಿ. ಅದಕ್ಕೆ ‘ಲಾತೆರಾಲ್’ ಅಂತಾರೆ. ಅಲ್ಲಿ ನಿಂತು, ಎಡಬಾಣದ ಹಸಿರು ದೀಪ ಬಂದ ಮೇಲೆ ಮಾತ್ರ ಇಡೀ ರಸ್ತೆ ದಾಟಿ ತಿರುಗಿ. ನೇರ ಹೋಗುವವರ ಹಸಿರು ನೋಡಿ ದಯವಿಟ್ಟು ಹೊರಡಬೇಡಿ. ನಿಮ್ಮ ಎಡಗಡೆಯಿಂದಲೇ ಬಸ್ಸುಗಳು ನುಗ್ಗುತ್ತಿರುತ್ತವೆ. ಮೊದಲ ಸಲ ನನಗೂ ಕೈ ನಡುಗಿತ್ತು.

ದಕ್ಷಿಣಕ್ಕೆ, ಕಡಲತೀರದ ಮಿಸ್ಮಲೋಯಾ ಕಡೆ ಹೋಗುವುದಾದರೆ ಹಳೇ ಊರಿನ ಕಲ್ಲುಹಾಸಿನ ಬೀದಿಗಳಿಗೆ ಸುಮ್ನೆ ನುಗ್ಗಬೇಡಿ. ‘ಲಿಬ್ರಮಿಯೆಂತೊ’ ಬೋರ್ಡ್ ಹಿಡಿದು ಸುರಂಗದ ಬೈಪಾಸಿನಲ್ಲಿ ಹೋಗಿ. ‘ತೋಪೆ’ ಅಂತ ಬರೆದಿದ್ದರೆ ಮುಂದೆ ಹಂಪ್ ಇದೆ, ವೇಗ ಪೂರ್ತಿ ಇಳಿಸಿ.