ವಿಷವಿಲ್ಲದ ನೀರಿನಲ್ಲೂ ಮರುವಾಯಿ ಸಾಯುವುದೇಕೆ?

ಪ್ರಶ್ನೆ: ನಮ್ಮೂರಿನ ಅಳಿವೆಯಲ್ಲಿ ಮರುವಾಯಿ (ಕೆಸರಿನಲ್ಲಿ ಬದುಕುವ, ತಿನ್ನುವ ಚಿಪ್ಪುಜೀವಿ) ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಬೆಳಗಿನ ಜಾವ ಏಡಿಗಳು ದಡ ಹತ್ತಿ ಬಂದವು, ಮೀನುಗಳು ಸತ್ತು ತೇಲಿದವು. ಮಧ್ಯಾಹ್ನ ನೀರಿನ ಮಾದರಿ ಒಯ್ದು ಪರೀಕ್ಷಿಸಿದವರು ವಿಷವೇನೂ ಇಲ್ಲ ಎಂದರು. ಹಾಗಾದರೆ ಕಾರಣವೇನು?
– ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಅವು ಉಸಿರುಕಟ್ಟಿ ಸತ್ತಿರುವ ಸಾಧ್ಯತೆಯೇ ಹೆಚ್ಚು. ಊರಿನ ಕೊಳಚೆಯೂ ಗದ್ದೆ, ತೋಟಗಳ ಗೊಬ್ಬರವೂ ನೀರಿಗೆ ಸೇರಿದಾಗ ಅವುಗಳಲ್ಲಿನ ಸಾರಜನಕ ಮತ್ತು ರಂಜಕವನ್ನು ಹೀರಿ ಸೂಕ್ಷ್ಮ ಪಾಚಿಗಳು ಮಿತಿಮೀರಿ ಬೆಳೆಯುತ್ತವೆ. ಅವು ಸತ್ತು ತಳ ಸೇರಿ ಕೊಳೆಯುವಾಗ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಅದು ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳು ಅಲ್ಲಿ ಬದುಕಲಾರವು. ಮೀನು ಬೇರೆಡೆಗೆ ಈಜಲು ಯತ್ನಿಸುತ್ತದೆ, ಏಡಿ ದಡ ಹತ್ತುತ್ತದೆ. ಮರುವಾಯಿಗೆ ಓಡಿಹೋಗುವ ದಾರಿಯಿಲ್ಲ. ಅದು ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಂಡು ಕೆಲಕಾಲ ತಾಳುತ್ತದೆ. ತಾಳಲಾರದಾದಾಗ ಕೆಸರಿನಿಂದ ಮೇಲೆ ಬಂದು, ಬಾಯಿ ತೆರೆದು ಬಿದ್ದಿರುತ್ತದೆ.

ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೇ ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಮ್ಲಜನಕ ಕಡಿಮೆಯಿರುವ ಆಳದ ನೀರು ಮೇಲೇರುವುದರಿಂದ ಅಳಿವೆಗಳ ಬಳಿಯೂ ಆಮ್ಲಜನಕ ಸಹಜವಾಗಿಯೇ ಕುಸಿಯುವುದುಂಟು. ನಿಮ್ಮಲ್ಲಿ ಇದು ನಡೆದದ್ದು ಬೇಸಿಗೆಯಲ್ಲಾದ್ದರಿಂದ ಅದನ್ನು ಕಾರಣವೆನ್ನಲು ನನಗೆ ಮನಸ್ಸಿಲ್ಲ. ಆದರೆ ವರ್ಷದಿಂದ ವರ್ಷಕ್ಕೆ ಕಾಣುವ ಇಳಿಕೆಯಲ್ಲಿ ಮರಳುಗಾರಿಕೆಗೂ ಎಳೆಯ ಮರುವಾಯಿಯನ್ನು ಬಿಡದೆ ಬಾಚುವುದಕ್ಕೂ ಪಾಲಿರಬಹುದು.

ನೀರಿಗೆ ಕೊಳಕು ಸೇರುವುದು ನಿಂತರೆ ಜೀವ ಮರಳುತ್ತದೆಯೇ ಎಂದು ಹಲವರು ಕೇಳುತ್ತಾರೆ. ಕಪ್ಪು ಸಮುದ್ರದ ವಾಯವ್ಯ ಭಾಗಕ್ಕೆ ಡ್ಯಾನ್ಯೂಬ್ ಮೊದಲಾದ ನದಿಗಳು ತಂದು ಸುರಿದ ಗೊಬ್ಬರದಿಂದಾಗಿ 1990ರ ಹೊತ್ತಿಗೆ ಸುಮಾರು 40,000 ಚದರ ಕಿ.ಮೀ. ತಳದಲ್ಲಿ ಆಮ್ಲಜನಕ ಬತ್ತಿತ್ತು. ಸೋವಿಯತ್ ಒಕ್ಕೂಟ ಮತ್ತು ಪೂರ್ವ ಯುರೋಪಿನ ಆರ್ಥಿಕ ಕುಸಿತದಿಂದ ಗೊಬ್ಬರದ ಬಳಕೆ ತಗ್ಗಿತು. 1996ರಲ್ಲಿ ಆಮ್ಲಜನಕ ಬತ್ತಿದ ಆ ಪ್ರದೇಶ ಬಹುಪಾಲು ಇಲ್ಲವಾಯಿತು. ಜೀವಿಗಳು ಮಾತ್ರ ಅಷ್ಟು ಬೇಗ ಚೇತರಿಸಿಕೊಳ್ಳಲಿಲ್ಲ.

ನಿಮ್ಮಲ್ಲಿ ನಡೆದ ಪರೀಕ್ಷೆಯಲ್ಲಿ ಸಮಯವೇ ತಪ್ಪಿದೆ. ಹಗಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ಉಸಿರಾಡಿ ಇರುವುದನ್ನು ಬಳಸಿಕೊಳ್ಳುತ್ತದೆ. ಆದ್ದರಿಂದ ಸೂರ್ಯೋದಯಕ್ಕೆ ತುಸು ಮುಂಚೆ ಪ್ರಮಾಣ ಅತಿ ಕಡಿಮೆ ಇದ್ದು, ಮಧ್ಯಾಹ್ನದ ಮೇಲ್ನೀರು ಆರೋಗ್ಯವಾಗಿಯೇ ಕಾಣುತ್ತದೆ. ಮುಂದಿನ ಬಾರಿ ನಸುಕಿನಲ್ಲಿ, ತಳಕ್ಕೆ ಹತ್ತಿರದ ನೀರಿನಲ್ಲಿ, ಸ್ಥಳದಲ್ಲೇ ಮೀಟರ್ ಇಳಿಸಿ ಆಮ್ಲಜನಕ ಅಳೆಯುವಂತೆ ಲಿಖಿತವಾಗಿ ಕೇಳಿ; ಸುಮ್ಮನೆ ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಒಯ್ದರೆ ದಾರಿಯಲ್ಲೇ ಅಂಕಿ ಬದಲಾಗುತ್ತದೆ.